ಬಾಯಿಲ್ಲದವರ ಪರವಾಗಿ

ಮೂರನೆಯ ಬೆಂಚಿನ ಹುಡುಗಿ ಏನನ್ನೂ ಬರೆದುಕೊಳ್ಳುತ್ತಿಲ್ಲ ಎನ್ನುವುದು ಕಣ್ಣಿಗೆ ಬಿದ್ದಾಗ ಮೇಷ್ಟ್ರು ಶೆಡ್ಲಿ ಇಮಾಮರೊಬ್ಬರ ದನಿಯಲ್ಲಿ ಮಾತಾಡುತ್ತಿದ್ದ. ಅದು ಹೊಟ್ಟೆಯಿಂದ ಹೊರಟು, ಮೂಗಿನಲ್ಲಿ ಒಂದು ಗಳಿಗೆ ತಂಗಿ, ಗಡ್ಡದಲ್ಲಿ ಸಿಕ್ಕಿಕೊಂಡು, ಕೊನೆಗೆ ಕೇಳುವವರ ಪುಣ್ಯ ಎಂಬಂತೆ ಹೊರಗೆ ಬೀಳುವ ದನಿ. ಅದಕ್ಕೆ ಮುಂಚೆ ಡಾಕ್ಟರ ದನಿ ಆಗಿತ್ತು. ಗಡಿಯಾರ ನೋಡಿಕೊಂಡೇ ಮರುಕ ತೋರಿಸುವ, ವಾಕ್ಯದ ಅರ್ಧದಲ್ಲಿ ಮುಂದಿನ ರೋಗಿಯನ್ನು ಕರೆಯುವ ದನಿ. ಇಪ್ಪತ್ತೆಂಟು ಮಕ್ಕಳು ನಗುತ್ತಿದ್ದರು, ನಗುತ್ತಲೇ ಬರೆದುಕೊಳ್ಳುತ್ತಿದ್ದರು, ಏಕೆಂದರೆ ಜೂನ್‌ನಲ್ಲಿ ಪರೀಕ್ಷೆ, ಮತ್ತು ನಗುವುದಕ್ಕೆ ಅಂಕ ಕೊಡುವ ಪದ್ಧತಿ ಟ್ಯುನಿಸಿಯಾದಲ್ಲಿ ಇನ್ನೂ ಬಂದಿರಲಿಲ್ಲ. ಆ ಹುಡುಗಿ ಮಾತ್ರ ಪೆನ್ನನ್ನು ಪುಸ್ತಕದ ಮೇಲೆ ಅಡ್ಡ ಮಲಗಿಸಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಅವನ ಬಾಯನ್ನೇ ನೋಡುತ್ತಿದ್ದಳು. ಕಣ್ಣನ್ನಲ್ಲ, ಬಾಯನ್ನು. ಯೊಸ್ರ, ಅವನ ಮನೆ ಬೀದಿಯ ಕೊನೆಯ ಆರೋಗ್ಯ ಕೇಂದ್ರದ ನರ್ಸ್ ಮೊಂಜಿಯಾಳ ಮಗಳು. ನವೆಂಬರ್‌ನಿಂದ ಈಚೆಗೆ, ಅಂದರೆ ತನ್ನ ಅಪ್ಪ ತೀರಿಕೊಂಡಾಗಿನಿಂದ, ಹಾಜರಿ ಕರೆಯುವಾಗ ಆ ಒಂದು ಹೆಸರು ಬಂದರೆ ಶೆಡ್ಲಿಯ ನಾಲಗೆ ಮೆಟ್ಟಿಲು ಎಡವಿದಂತೆ ಎಡವುತ್ತಿತ್ತು. ತಾಯಿ ಮಗಳಿಗೆ ಏನು ಹೇಳಿರಬಹುದು? ಏನೂ ಹೇಳಿರಲಿಕ್ಕಿಲ್ಲ. ಹೇಳುವಂಥದ್ದು ತಾಯಿಗೇ ಏನು ಗೊತ್ತು? ಹೀಗೆ ದಿನಕ್ಕೆ ನಾಲ್ಕು ಸಲ ಅಂದುಕೊಳ್ಳುತ್ತಿದ್ದ. ಏನೂ ಗೊತ್ತಿಲ್ಲ ಎಂದು ಒಂದು ಸಲ ಅಂದುಕೊಂಡರೆ ಸಾಕಿತ್ತಲ್ಲ, ನಾಲ್ಕು ಸಲ ಯಾಕೆ ಎಂಬುದು ಅವನಿಗೇ ಹೊಳೆಯದ ಸಂಗತಿಯಾಗಿರಲಿಲ್ಲ.

ಪಾಠವನ್ನು ಅವನೇನೂ ಬೇಕೆಂದು ಎಳೆದುಕೊಂಡಿರಲಿಲ್ಲ. ಒಳಿತು ಕೆಡುಕು ಎಂಬ ಅಧ್ಯಾಯದ ಕೊನೆಗೆ ಚರ್ಚೆಗೆಂದು ಎರಡು ವಿಷಯ ಕೊಟ್ಟಿದ್ದರು: ಗರ್ಭಪಾತ, ದಯಾಮರಣ. ಮಂಗಳವಾರ ಒಟ್ಟಿಗೆ ಎರಡು ಗಂಟೆ ಸಿಗುತ್ತದೆ, ಹುಟ್ಟಿಗೊಂದು ಸಾವಿಗೊಂದು ಎಂದು ತಾನೇ ನಗೆಯಾಡಿದ್ದ. ಮೊದಲ ಗಂಟೆ ಸಲೀಸಾಗಿ ಹೋಗಿತ್ತು. ದೊರ್ಸಾಫ್ ಎಂಬ ವಾಚಾಳಿ ಹುಡುಗಿ ಎದ್ದು ನಿಂತು, "ಕಾನೂನೇ ಇದೆಯಲ್ಲ ಸಾರ್, ನಮ್ಮಮ್ಮ ಹುಟ್ಟೋಕ್ ಮುಂಚಿಂದ. ಇನ್ನೇನು ಚರ್ಚೆ ಮಾಡೋದು?" ಎಂದಿದ್ದಳು. "ಕಾನೂನು ಬಂದ್ರೆ ಚರ್ಚೆ ಮುಗೀತೇನಮ್ಮಾ?" ಎಂದರೆ, "ಚರ್ಚೆ ಮುಗೀದಿದ್ರೂ ಸರದಿ ಮುಂದಕ್ಕೆ ಹೋಗತ್ತೆ ಸಾರ್. ಬಸ್ ನಿಲ್ದಾಣದ ಹಿಂದಿನ ಕುಟುಂಬ ಯೋಜನೆ ಆಫೀಸಲ್ಲಿ ಬೇಕಾದ್ರೆ ನೋಡ್ಬನ್ನಿ, ಚರ್ಚೆ ಮಾಡೋರು ಯಾರೂ ನಿಂತಿರಲ್ಲ." ಹುಡುಗರು ತಲೆ ತಗ್ಗಿಸಿ ಕಿಸಕ್ಕೆಂದರು. ಆ ಆಫೀಸಿನ ಬಾಗಿಲಿನ ಬಣ್ಣ ಯಾವುದೆಂದು ಊರಿನ ಎಲ್ಲರಿಗೂ ಗೊತ್ತು, ಯಾರೂ ಕಂಡವರಿಲ್ಲ. ಶೆಡ್ಲಿ ಅಲ್ಲಿಂದ ಮುಂದಕ್ಕೆ ಇಮಾಮರಾಗಿ, ಅತ್ತೆಯಾಗಿ, ಮಂತ್ರಿಯಾಗಿ, ಹುಟ್ಟದ ಮಗುವಿನ ವಕೀಲನಾಗಿ ಮಾತಾಡಿದ್ದ. ತಾನಾಗಿ ಮಾತ್ರ ಮಾತಾಡಿರಲಿಲ್ಲ. ಆ ಹೊತ್ತಿನಲ್ಲೇ, ಕರಿಹಲಗೆಗೆ ಬೆನ್ನು ಕೊಟ್ಟು ನಿಂತಾಗಲೇ, ಹೆಂಡತಿ ಬೆಹಿಜಾ ಕಿತ್ತಳೆ ಸುಲಿಯುವ ಸದ್ದು ಕೇಳಿಸಿತ್ತು. ಹತ್ತೊಂಬತ್ತು ವರ್ಷದ ಹಿಂದಿನ ಸದ್ದು. ಸೂಸ್ ಊರಿಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬಂದು, ಒಂದು ಚೀಲ ಕಿತ್ತಳೆಯನ್ನು ಮೇಜಿನ ಮೇಲೆ ಸುರಿದು, ಒಂದನ್ನು ಸುಲಿದು ಅರ್ಧ ಅವನ ಕೈಗಿಟ್ಟು, "ಮೂರನೆಯದು ಬೇಡ ಅಂತ ತೆಗೆಸ್ಕೊಂಡು ಬಂದೆ" ಎಂದಿದ್ದಳು. ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದ್ದ. "ನಿನಗೆ ಹೇಳಿದ್ರೆ ಅದನ್ನ ಪಾಠ ಮಾಡ್ತಿದ್ದೆ," ಎಂದಿದ್ದಳು. ಆ ಮಾತನ್ನು ಅವನು ಇಷ್ಟು ವರ್ಷ ಎಲ್ಲ ಕಡೆಯಿಂದಲೂ ಮೂಸಿ ನೋಡಿದ್ದ. ಬೇಡವಾಗಿದ್ದದ್ದು ಮೂರನೆಯ ಮಗುವೋ, ಆ ಮಗುವಿನ ಅಪ್ಪನೋ? ಹೆಂಡತಿ ಮೇಲೆ ಅನುಮಾನ ಪಡುವ ಗಂಡಸರನ್ನು ಅವನು ಮದುವೆಮನೆಗಳಲ್ಲಿ ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದನೆಂದರೆ, ಹೊಟ್ಟೆ ಹಿಡಿದುಕೊಂಡು ನಗುವವರಲ್ಲಿ ಬೆಹಿಜಾಳೂ ಇರುತ್ತಿದ್ದಳು.

"ಸಾರ್, ದಯಾಮರಣ ಅಂದ್ರೆ ದಯೆ ಸತ್ತೋಗೋದಾ?" ಎಂದು ಎರಡನೆಯ ಗಂಟೆಯ ನಡುವೆ ಹಿಂದಿನ ಬೆಂಚಿನ ಗೈಥ್ ಕೇಳಿದ.

"ನಿನ್ನ ಉತ್ತರಪತ್ರಿಕೆ ತಿದ್ದೋವಾಗ ನನಗೆ ಆಗೋದು ಅದೇ ಕಣಯ್ಯಾ. ಕೂತ್ಕೋ."

ತರಗತಿ ಘೊಳ್ಳೆಂದಿತು. ಆ ನಗುವಿನ ನಡುವೆ ಯೊಸ್ರ ಎದ್ದು ನಿಂತಳು. ನಗು ತಾನಾಗಿ ಇಳಿಯುವ ತನಕ ಕಾದಳು. ಕಾಯುವುದನ್ನು ಇವಳಿಗೆ ಯಾರು ಕಲಿಸಿದರು ಎಂದು ಶೆಡ್ಲಿಗೆ ಕಸಿವಿಸಿಯಾಯಿತು.

"ಸಾರ್, ಬೆಳಗ್ಗಿಂದ ನೀವು ಎಲ್ಲಾರ್ ದನೀಲೂ ಮಾತಾಡಿದ್ರಿ. ಆದ್ರೆ ಎರಡು ವಿಷಯದಲ್ಲೂ ಯಾರ ಬಗ್ಗೆ ಮಾತೋ ಅವರಿಗೇ ಬಾಯಿಲ್ಲ. ಹೊಟ್ಟೆಯೊಳಗಿರೋದಕ್ಕೆ ಇನ್ನೂ ಬಂದಿಲ್ಲ, ಸಾಯ್ತಿರೋರ್ದು ಹೋಗ್ಬಿಟ್ಟಿದೆ. ಅವರ ಪರವಾಗಿ ಇನ್ಯಾರೋ ಮಾತಾಡ್ತಾರೆ. ಅವರು ಸಾಕು ಅಂತಿದ್ದಾರೆ ಅಂತ ಇವರು ಹೇಳ್ತಾರೆ. ಆ ಸಾಕು ಯಾರ್ದು ಅಂತ ಗೊತ್ತಾಗೋದು ಹೆಂಗೆ ಸಾರ್?"

ತರಗತಿಯ ಸುಣ್ಣದ ಗೋಡೆ, ಕಿಟಕಿಯಾಚೆಯ ಸಮುದ್ರ, ಗೋಡೆಯ ಮೇಲಿನ ಮಾಸಿದ ಭೂಪಟ ಎಲ್ಲವೂ ಒಂದು ಹೆಜ್ಜೆ ಹಿಂದೆ ಸರಿದು ನಿಂತಂತಾಯಿತು. ಹಾಗಾದರೆ ಗೊತ್ತು. ಇವಳಿಗೆ ಗೊತ್ತು. ಪೆನ್ನು ಅಡ್ಡ ಇಟ್ಟು ಅವನ ಬಾಯನ್ನೇ ನೋಡುತ್ತಿದ್ದದ್ದು ಇದಕ್ಕೇ. ಶೆಡ್ಲಿಯ ಅಪ್ಪ ಹೆದಿ, ಮನೆಯವರಿಗೆಲ್ಲ ಬಾಬಾ, ಈ ಊರಿನ ಮೀನು ಬಂದರಿನಲ್ಲಿ ನಲವತ್ತು ವರ್ಷ ಹರಾಜು ಕೂಗಿದವನು; ಅವನ ಕೂಗಿಗೆ ಹಡಗಿನ ಮೇಲಿನ ಬೆಕ್ಕುಗಳೂ ಬೆಲೆ ಹೇಳುತ್ತಿದ್ದವೆಂದು ಊರಿನ ಮಾತು. ಅಂಥವನ ಗಂಟಲನ್ನೇ ಕ್ಯಾನ್ಸರ್ ಹುಣ್ಣು ಹಿಡಿಯಿತು, ಗಂಟಲನ್ನೇ ಕೊಯ್ದರು. ಕತ್ತಿನಲ್ಲೊಂದು ತೂತು, ತುಟಿ ಮಾತ್ರ ಆಡುತ್ತಿತ್ತು. ಆಗ ಮನೆಯವರಿಗೆಲ್ಲ ಶೆಡ್ಲಿಯೇ ಗತಿಯಾದ. ಏಳು ವರ್ಷದ ವಯಸ್ಸಿನಿಂದಲೇ ಅಪ್ಪನ ಕೂಗನ್ನು ಅಣಕಿಸಿ ಅವನ ಕೈಯಲ್ಲೇ ಏಟು ತಿಂದವನಲ್ಲವೇ. ಅಪ್ಪನ ತುಟಿ ನೋಡುವುದು, ಅಪ್ಪನದೇ ಹಳೆಯ ದನಿಯಲ್ಲಿ ಅದನ್ನು ಕೂಗಿ ಹೇಳುವುದು. "ಬೆಹಿಜಾ, ಈ ಸಾರಿಗೆ ಉಪ್ಪು ಹಾಕಿದ್ಯೋ ಸಮುದ್ರವನ್ನೇ ಹಾಕಿದ್ಯೋ!" ಎಂದು ಕೋಣೆಯಿಂದ ದನಿ ಬಂದರೆ ನೆಂಟರು ಬೆಚ್ಚಿಬೀಳುತ್ತಿದ್ದರು, ಆಮೇಲೆ ನಗುತ್ತಿದ್ದರು. ಅಪ್ಪನೂ ಹೆಗಲು ಕುಲುಕಿಸಿ ನಗುತ್ತಿದ್ದ. ಕೆಲವೊಮ್ಮೆ ತುಟಿ ಅಲುಗುವುದಕ್ಕೆ ಮುಂಚೆಯೇ ಶೆಡ್ಲಿಗೆ ಮಾತು ಬಂದುಬಿಡುತ್ತಿತ್ತು. ಅಪ್ಪ ತಲೆ ಆಡಿಸುತ್ತಿದ್ದ. ಒಪ್ಪಿಗೆಯೋ, ದಣಿವೋ, ಯಾರಿಗೆ ಗೊತ್ತು.

"ಬಾಯಿಲ್ಲದವರ ಪರವಾಗಿ," ಎಂದು ಶೆಡ್ಲಿ ಶುರುಮಾಡಿದ. ಶುರುಮಾಡಿದ ದನಿ ತನ್ನದಲ್ಲ ಎಂದು ಗೊತ್ತಾದಾಗ ಹೊತ್ತು ಮೀರಿತ್ತು. ಅದು ಯೊಸ್ರಳ ದನಿ. ಒಳನಾಡಿನ ಒಣ ಊರಿನಿಂದ ಹನ್ನೆರಡನೆಯ ವಯಸ್ಸಿಗೆ ಈ ಕಡಲ ತೀರದ ಊರಿಗೆ ಬಂದ ಹುಡುಗಿಯ ಮಾತು. ಪ್ರತಿ ಪದದ ಕೊನೆಯನ್ನೂ ಒರಳಿಗೆ ಹಾಕಿ ಕುಟ್ಟುವ ಮಾತು. "ಸಾ...ಕು ಯಾರ್ದು ಅಂತಾ ಗೊತ್ತಾಗೋ...ದ್ ಹೆಂಗೇ ಸಾರ್?" ಎಂದು ಅವನು ಕುತ್ತಿಗೆ ಮುಂದಕ್ಕೆ ಚಾಚಿ, ಕೈಗಳನ್ನು ಹೊಟ್ಟೆಯ ಮುಂದೆ ಜೋಡಿಸಿ ಕೇಳಿದ. ತರಗತಿ ಬೆಂಚಿನಿಂದ ಜಾರುವಷ್ಟು ನಕ್ಕಿತು. ದೊರ್ಸಾಫ್ ಮಾತ್ರ ಒಂದು ಕ್ಷಣ ತಡವಾಗಿ ನಕ್ಕಳು. ಯೊಸ್ರ ಅಳಲಿಲ್ಲ, ಕೆಂಪಾಗಲಿಲ್ಲ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದಳು, ಕೂತ್ಕೋ ಎಂದು ಅವನು ಹೇಳದ ಕಾರಣ.

ಗೇಟಿನ ಬಳಿ ಅವಳು ಕಾಯುತ್ತಿರುವುದು ಅಧ್ಯಾಪಕರ ಕೋಣೆಯ ಕಿಟಕಿಯಿಂದಲೇ ಕಂಡಿತು. ಬೆದರಿಸಲಿಕ್ಕೆ ಬಂದಿದ್ದಾಳೆ ಎಂದುಕೊಂಡ. ಅಂಕ ಕೇಳುತ್ತಾಳೆ. ಇಲ್ಲ, ಇವಳು ಅಂಕ ಕೇಳುವ ಜಾತಿಯಲ್ಲ. ಅದಕ್ಕಿಂತ ದೊಡ್ಡದನ್ನೇ ಕೇಳುತ್ತಾಳೆ. ಐವತ್ತೆರಡು ವರ್ಷದ ಮೇಷ್ಟ್ರು ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಹಿಂಬದಿಯ ಸೈಕಲ್ ನಿಲ್ದಾಣದ ಮುರಿದ ತಂತಿಬೇಲಿ ದಾಟಿದ. ದಾಟುವಾಗ ಪ್ಯಾಂಟಿನ ಮೊಣಕಾಲು ಸಣ್ಣಗೆ ಹರಿಯಿತು. ಜವಾನ ನೋಡಿದವನು ನೋಡದವನಂತೆ, "ಸಮುದ್ರ ನೋಡೋಕಾ ಸಾರ್?" ಎಂದ. ಹೌದಪ್ಪ ಎಂದು ಶೆಡ್ಲಿ, ಸಮುದ್ರ ತನ್ನೂರು ಮಹ್ದಿಯಾದಲ್ಲಿ ಹೊಸದಾಗಿ ಬಂದಿದೆ ಎಂಬಂತೆ, ಆ ಕಡೆಗೇ ನಡೆದ.

ಆ ದಾರಿ ಸ್ಮಶಾನಕ್ಕೇ ಹೋಗುತ್ತದೆ. ಬಿಳಿ ಗೋರಿಗಳು ಇಳಿಜಾರಿನಲ್ಲಿ ಒಂದರ ಹಿಂದೊಂದು ನೀರಿನ ತನಕ ಹೋಗಿ, ಮುಂದೆ ಜಾಗವಿಲ್ಲದ್ದಕ್ಕೆ ನಿಂತಿವೆ. ಅಪ್ಪನ ಗೋರಿ ಕೆಳಗಿನಿಂದ ಎರಡನೆಯ ಸಾಲು. ಅಪ್ಪ ತೀರಿಕೊಂಡ ಆ ಮಧ್ಯಾಹ್ನ ಬೆಹಿಜಾ ಪಕ್ಕದ ಮನೆಗೆ ಹೋಗಿದ್ದಳು. ಕೋಣೆಯಲ್ಲಿ ಅವರಿಬ್ಬರೇ. ಮಾರ್ಫಿನ್ ಎಂದರೆ ಆರೋಗ್ಯ ಕೇಂದ್ರದಲ್ಲಿ ಎರಡು ಬೀಗದ ಕಪಾಟಿನಲ್ಲಿರುವ ವಸ್ತು. ಒಂದೊಂದು ಪುಟ್ಟ ಗಾಜಿನ ಸೀಸೆಗೂ ಜವಾಬು ಕೊಡಬೇಕು. ಹೊತ್ತಿಗೆ ಒಂದು ಸೀಸೆ. ಹಳೆಯದರ ಖಾಲಿ ಗಾಜು ಹಿಂದಕ್ಕೆ ಬಂದರೇ ಹೊಸದು. ಉಪಯೋಗಿಸದಿದ್ದರೆ ತುಂಬಿದ್ದನ್ನೇ ಹಿಂದಕ್ಕೆ ಕೊಡಬೇಕು. ಮೊಂಜಿಯಾ ಹೊತ್ತಿಗೊಮ್ಮೆ ತಾನೇ ಬಂದು ಚುಚ್ಚಿ, ಖಾಲಿ ಗಾಜನ್ನು ಡಬ್ಬಿಗೆ ಹಾಕಿಕೊಂಡು ಹೋಗುತ್ತಿದ್ದಳು. ಆವತ್ತು ಮಾತ್ರ ಎರಡು ಸೀಸೆ ಇಟ್ಟುಹೋದಳು. "ತಂಗಿ ಮನೇಲಿ ನಿಶ್ಚಿತಾರ್ಥ, ಇವತ್ತು ನಾನು ಬರಲ್ಲ. ಹನ್ನೆರಡಕ್ಕೆ ಒಂದು, ಸಂಜೆ ಆರಕ್ಕೆ ಒಂದು. ಸೂಜಿ ಬಾಬಾ ಕೈಯಲ್ಲೇ ಇದೆ, ಅದರ ಕೊಳವೆಗೆ ಹಾಕಿದ್ರಾಯ್ತು. ನೀವು ಮೇಷ್ಟ್ರು, ನಿಮಗೆ ಗೊತ್ತಾಗತ್ತೆ," ಎಂದಳು. ನಿಮಗೆ ಗೊತ್ತಾಗತ್ತೆ! ಆ ಮಾತಿನ ತಳದಲ್ಲಿ ಏನಾದರೂ ಇತ್ತೇ? ತಂಗಿಗೆ ನಿಜಕ್ಕೂ ನಿಶ್ಚಿತಾರ್ಥವಾಯಿತೇ? ಆಮೇಲೆ ಮದುವೆಯ ಡೋಲು ಕೇಳಿದ ನೆನಪಿಲ್ಲ. ಹನ್ನೆರಡಕ್ಕೆ ಮೊದಲನೆಯ ಸೀಸೆಯ ಕತ್ತು ಮುರಿದ. ಅರ್ಧ ಗಂಟೆ ಅಪ್ಪನ ಹುಬ್ಬು ಸಡಿಲಾಗಿತ್ತು, ಮತ್ತೆ ಗಂಟಾಯಿತು. ತೂತಿನಿಂದ ಬರುತ್ತಿದ್ದ ಉಸಿರು ಸೀಳಿದ ಬಿದಿರಿನ ಸದ್ದು ಮಾಡುತ್ತಿತ್ತು. ತುಟಿ ಆಡಿತು. ಆಮೇಲೆ ಕೋಣೆಯಲ್ಲಿ ಹರಾಜಿನವನ ತುಂಬು ದನಿಯಲ್ಲಿ "ಸಾಕು ಮಗಾ, ಮುಗಿಸು" ಎಂದು ಕೇಳಿಸಿತು. ಕೇಳಿಸಿತು ಎನ್ನುವುದು ನಿಜ. ಆದರೆ ಆ ದನಿ ಹೊರಡಬಲ್ಲ ಗಂಟಲು ಆ ಕೋಣೆಯಲ್ಲಿದ್ದದ್ದು ಒಂದೇ ಒಂದು, ಅದು ಶೆಡ್ಲಿಯದು. ತುಟಿ ಮೊದಲು ಆಡಿತೋ, ತನ್ನ ದನಿ ಮೊದಲು ಹೊರಟಿತೋ? ನೋವಿನಿಂದ ಮೂರು ವಾರ ನಿದ್ದೆಗೆಟ್ಟಿದ್ದವನು ಅಪ್ಪ ಒಬ್ಬನೇ ಅಲ್ಲ. ಸಾಕಾಗಿದ್ದದ್ದು ಯಾರಿಗೆ? ಎರಡನೆಯ ಸೀಸೆಯ ಕತ್ತೂ ಮುರಿಯಿತು. ಮೂರರ ಸುಮಾರಿಗೆ ಅಸರ್ ನಮಾಜಿನ ಕರೆ ಮಸೀದಿಯಿಂದ ಬರುವಾಗ ಬಿದಿರಿನ ಸದ್ದು ನಿಂತಿತ್ತು.

"ಸಾರ್!"

ತಿರುಗಿ ನೋಡಿದರೆ ಮೇಲಿನ ದಾರಿಯಲ್ಲಿ ಯೊಸ್ರ, ಗಾಳಿಗೆ ತಲೆವಸ್ತ್ರ ಹಿಡಿದುಕೊಂಡು ಇಳಿಯುತ್ತಿದ್ದಾಳೆ. ಅಪ್ಪನ ಗೋರಿಯ ಪಕ್ಕದಲ್ಲೇ ಸಿಕ್ಕಿಬಿದ್ದಂತಾಗಿ, ಗೋರಿಗಳ ನಡುವೆ ಕಾಲು ಅಡ್ಡಡ್ಡ ಹಾಕುತ್ತ, ಎರಡು ಕಡೆ ಯಾರದೋ ಪುಣ್ಯಾತ್ಮರ ತಲೆಯ ಮೇಲೇ ಮೆಟ್ಟಿ, ಶೆಡ್ಲಿ ಮೀನುಪೇಟೆಯ ಕಡೆ ಓಡಿದ. ಓಡಲಿಲ್ಲ, ಬೇಗ ನಡೆದ ಎಂದು ತನಗೇ ಹೇಳಿಕೊಂಡ. ಹಿಂದಿನಿಂದ ಅವಳು ಇನ್ನೊಮ್ಮೆ ಕೂಗಲಿಲ್ಲ. ಕೂಗಿದ್ದರೆ ಸಿಟ್ಟಾದರೂ ಬರುತ್ತಿತ್ತು.

ಮನೆಯಲ್ಲಿ ಬೆಹಿಜಾ ಖಾರದ ಮಕರೋನಿಯನ್ನು ತಟ್ಟೆಗೆ ಬಡಿಸಿ, ಅವನ ಮೊಣಕಾಲು ನೋಡಿ, "ಯಾರ ಮನೆ ಬೇಲಿ ಹಾರಿದೆ?" ಎಂದಳು. ಉತ್ತರಕ್ಕೆ ಕಾಯದೆ, "ಮೊಂಜಿಯಾ ಮಗಳು ನಿನ್ನ ಕೇಳ್ಕೊಂಡು ನಿನ್ನೆ ಸಂಜೆ ಬಂದಿತ್ತು. ನೀನು ಕಾಫಿಯಂಗಡೀಲಿ ಯಾರ್ದೋ ಅತ್ತೆ ಆಗಿದ್ದೆ. ಸ್ಕೂಲಲ್ಲೇ ಕೇಳ್ತೀನಿ ಅಂತ ಹೋಯ್ತು. ಕೇಳ್ಲಿಲ್ವಾ?"

"ಏನು ಕೇಳಬೇಕಂತೆ?"

"ಮೊಂಜಿಯಾನ ಕೆಲಸದಿಂದ ನಿಲ್ಸಿದ್ದಾರಲ್ಲ, ಹದಿನೈದು ದಿನ ಆಯ್ತು. ಗೊತ್ತಿಲ್ವಾ ನಿನಗೆ? ಊರಲ್ಲಿ ಎಲ್ಲಾರ್ ಹಾಗೂ ಮಾತಾಡ್ತೀಯ, ಯಾರ್ ಮಾತೂ ಕೇಳ್ಸಿಕೊಳ್ಳಲ್ಲ. ತನಿಖೆಯವರು ಬಂದಿದ್ರು. ಬಾಬಾ ಹೋದ ದಿವಸದ ಔಷಧಿ ಸೀಸೆ ಎರಡೂ ಹಿಂದಕ್ಕೆ ಹೋಗಿಲ್ಲವಂತೆ. ಮಧ್ಯಾಹ್ನವೇ ಹೋಗ್ಬಿಟ್ರಲ್ಲ ಬಾಬಾ, ಹಾಗಾದ್ರೆ ಸಂಜೇದು ತುಂಬಿದ್ದೇ ಇರ್ಬೇಕು, ಅದನ್ನ ಇವಳು ಮಾರ್ಕೊಂಡ್ಳು ಅಂತ. ಮೊಂಜಿಯಾ ಮಾರ್ಕೊಳ್ಳೋದಂತೆ! ಅವಳು ನಮ್ಮನೇಲಿ ಒಂದು ಲೋಟ ಚಹಾ ಕುಡೀಬೇಕಾದ್ರೆ ಎಷ್ಟು ಬಲವಂತ ಮಾಡ್ಬೇಕಿತ್ತು."

ಶೆಡ್ಲಿ ಚಮಚ ಕೆಳಗಿಟ್ಟ. ಹಾಗಾದರೆ ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಅಮ್ಮನ ಮಾತನ್ನು ಯಾರೂ ಕೇಳದ ತನಿಖೆಯನ್ನು ಹದಿನೈದು ದಿನದಿಂದ ನೋಡುತ್ತಿದ್ದವಳು, ಬಾಯಿ ಕಟ್ಟಿದವರ ಬಗ್ಗೆ ಒಂದು ಪ್ರಶ್ನೆ ಕೇಳಿದ್ದಳು. ಇಷ್ಟು ವರ್ಷದ ಪಾಠದಲ್ಲಿ ಅವನ ತರಗತಿಯಿಂದ ಎದ್ದ ಬಹುಶಃ ಒಂದೇ ಒಂದು ಒಳ್ಳೆಯ ಪ್ರಶ್ನೆ. ಅಥವಾ ಎಲ್ಲ ಗೊತ್ತಿದ್ದು, ಗೊತ್ತಿಲ್ಲದವರಂತೆ ತಾಯಿ ಮಗಳಿಬ್ಬರೂ ಹೆಣೆದ ಬಲೆಯೋ? ಆ ಅನುಮಾನ ಬಂದ ಕೂಡಲೆ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾದರೂ ಅನುಮಾನ ಹೋಗಲಿಲ್ಲ.

"ಸೀಸೆ ಎಲ್ಲಿ ಹೋಯ್ತು?" ಎಂದು ಅವನು ಮೆಲ್ಲಗೆ ಕೇಳಿದ.

"ನಾನೇ ಬಿಸಾಕಿದ್ದು." ಬೆಹಿಜಾ ಬ್ರೆಡ್ಡು ಮುರಿದಳು. "ಬಾಬಾನ ಮೈ ತೊಳೆಯೋರು ಬಂದ್ರು, ಮನೆ ತುಂಬ ಜನ. ತಟ್ಟೇಲಿ ಹತ್ತಿ, ಸೂಜಿ, ಗಾಜು ಎಲ್ಲ ಬಿದ್ದಿತ್ತು. ಒಟ್ಟಿಗೆ ಕಾಗದದಲ್ಲಿ ಸುತ್ತಿ ಹಾಕ್ದೆ. ಖಾಲಿ ಗಾಜನ್ನೂ ಹಿಂದಕ್ಕೆ ಕೇಳ್ತಾರೆ ಅಂತ ನನಗೇನು ಗೊತ್ತು."

"ಖಾಲಿ."

"ಎರಡೂ ಖಾಲಿ ಇತ್ತು," ಎಂದಳು ಬೆಹಿಜಾ. ಬ್ರೆಡ್ಡಿನ ತುಂಡನ್ನು ಖಾರದಲ್ಲಿ ಅದ್ದಿದಳು. ತಿನ್ನಲಿಲ್ಲ.

ಅಂದರೆ ಐದು ತಿಂಗಳು. ಐದು ತಿಂಗಳು ಇವಳು ಅವನ ಎದುರಿಗೆ ಕೂತು ಊಟ ಮಾಡಿದ್ದಾಳೆ, ಪಕ್ಕದಲ್ಲಿ ಮಲಗಿದ್ದಾಳೆ, ಸಾವಾಗಿ ಮೂರು ದಿನ ಒಲೆ ಹಚ್ಚದ ಮನೆಗೆ ಬೀದಿಯವರು ತಂದುಕೊಟ್ಟ ರವೆಯ ಕುಸ್ಕುಸ್ಸನ್ನು ಅವನ ತಟ್ಟೆಗೆ ಬಡಿಸಿದ್ದಾಳೆ. "ಗೊತ್ತಿದ್ದೂ ನೀನು ನನ್ನನ್ನ ಒಂದು ಮಾತು ಕೇಳಲಿಲ್ಲ," ಎಂದ. ದೂರಿನಂತೆ ಹೊರಟಿತು, ಅವನಿಗೇ ನಾಚಿಕೆಯಾಯಿತು.

"ಕೇಳ್ಬೇಕಿತ್ತಾ? ನೀನು ನನ್ನ ಕೇಳಿದ್ಯಾ, ಸೂಸ್‌ನಿಂದ ಬಂದಾಗ? ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಆವತ್ತು ಕೇಳಿದೆ, ಆಮೇಲೆ ಹತ್ತೊಂಬತ್ತು ವರ್ಷ ಮುಖದಲ್ಲೇ ಕೇಳ್ತಾ ಬಂದೆ. ನೋವಾಯ್ತಾ ಅಂತ ಕೇಳಿದ್ಯಾ?"

ಅವನು ಬಾಯಿ ತೆರೆದ. "ಈಗ ಕೇಳ್ಬೇಡ," ಎಂದು ಅವಳು ಎದ್ದಳು. "ಈಗ ಆ ಮೊಂಜಿಯಾ ವಿಷಯ ನೋಡು. ಮೂರು ಗಂಟೆಗೆ ಅವಳನ್ನ ಮತ್ತೆ ಕರ್ಸಿದ್ದಾರಂತೆ. ಪ್ಯಾಂಟ್ ಬದಲಾಯ್ಸು."

ಆರೋಗ್ಯ ಕೇಂದ್ರದ ಮೇಲ್ವಿಚಾರಕ ತಿಜಾನಿ ಗುಂಡುಗುಂಡಗಿನ, ಬೆವರುವ ಮನುಷ್ಯ. ವಾಕ್ಯಕ್ಕೆ ಮೂರು ಸಲ 'ಅಲ್ಲಾಹುವಿಗೇ ಗೊತ್ತು' ಎನ್ನುವವನು. ಕಳೆದ ಬೇಸಿಗೆಯ ಒಂದು ಮದುವೆಯಲ್ಲಿ ಶೆಡ್ಲಿ ಅವನನ್ನು ಅನುಕರಿಸಿ ವರನ ಕಡೆಯವರನ್ನೆಲ್ಲ ನಗಿಸಿದ್ದ. ಸುದ್ದಿ ಮುಟ್ಟಿತ್ತೆಂದು ಕಾಣುತ್ತದೆ. "ಬನ್ನಿ ಬನ್ನಿ, ಸಿ ಶೆಡ್ಲಿ," ಎಂದ, ಶ್ರೀಮಾನ್ ಎಂಬರ್ಥದ ಆ 'ಸಿ'ಯನ್ನು ಒತ್ತಿ. "ನನಗಿಂತ ಚೆನ್ನಾಗಿ ತಿಜಾನಿ ಆಗ್ತೀರಂತೆ. ಹಾಗಾದ್ರೆ ಈ ಕುರ್ಚೀಲಿ ನೀವೇ ಕೂತು ಈ ತಲೆನೋವು ಬಗೆಹರ್ಸಿ, ನಾನು ಮನೆಗೆ ಹೋಗಿ ಮಲಗ್ತೀನಿ." ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಮೊಂಜಿಯಾ, ಪಕ್ಕದಲ್ಲಿ ನಿಂತ ಯೊಸ್ರ. ನರ್ಸಿನ ಬಿಳಿ ಕೋಟಿಲ್ಲದೆ ಮೊಂಜಿಯಾ ಅರ್ಧಕ್ಕರ್ಧ ಚಿಕ್ಕವಳಾಗಿದ್ದಳು. ಹುಡುಗಿ ಅವನ ಕಡೆ ನೋಡಿ ತಲೆಬಾಗಿಸಿದಳು, ಬೆಳಗ್ಗೆ ಏನೂ ಆಗಿಲ್ಲವೆಂಬಂತೆ. ಅದಕ್ಕಿಂತ ಉಗಿದಿದ್ದರೆ ಸುಖವಾಗಿರುತ್ತಿತ್ತು.

"ಖಾಲಿ ಗಾಜು ಬಂದಿದ್ರೆ ಸಾಕಿತ್ತು, ಸಿ ಶೆಡ್ಲಿ," ಎಂದಳು ಮೊಂಜಿಯಾ, ನೆಲ ನೋಡುತ್ತ. "ಖಾಲಿ ಬಂದಿದ್ರೆ ನನ್ನ ಯಾರೂ ಏನೂ ಕೇಳ್ತಿರ್ಲಿಲ್ಲ. ಸಾವಿನ ಮನೇಲಿ ಗಾಜು ಕೊಡಿ ಅಂತ ಹೆಂಗೆ ಕೇಳ್ಲಿ ಅಂತ ಸುಮ್ನಾದೆ. ನನ್ನದೇ ತಪ್ಪು."

"ಮೊಂಜಿಯಾ ಅವ್ರೇ, ತಪ್ಪು ನಿಮ್ಮದಲ್ಲ." ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದ ಮಾತನ್ನು ಶೆಡ್ಲಿ ಹೇಳಿಯೇಬಿಟ್ಟ. "ಇವರು ಯಾವ ಸೀಸೆಯನ್ನೂ ಮಾರಿಲ್ಲ, ತಿಜಾನಿ. ಎರಡನ್ನೂ ನಾನು..."

"ನಿಲ್ಸಿ!" ತಿಜಾನಿಯ ದಪ್ಪ ಕೈ ಮೇಜಿನ ಮೇಲೆ ಬಿತ್ತು. ಎದ್ದುಹೋಗಿ ಬಾಗಿಲು ಮುಚ್ಚಿ ಬಂದ. ಅವನ ಮುಖದಲ್ಲಿ ಮದುವೆಯ ತಮಾಷೆಗೆ ಸಿಗದಿದ್ದ ಒಂದು ಮುಖ ಕಂಡಿತು. "ನಾನು ನಿಮ್ಮನ್ನ ಕೇಳೋದು ಗಾಜು ಎಲ್ಲಿ ಅಂತ. ಬೇರೆ ಏನನ್ನೂ ಕೇಳಿಲ್ಲ, ಕೇಳೋದೂ ಇಲ್ಲ. ನೀವು ಈಗ ಹೇಳೋಕ್ ಹೊರಟಿದ್ದನ್ನ ಹೇಳಿದ್ರೆ ಮೊದಲು ಹೋಗೋದು ಇವಳು. ಮನೆಯವರ ಕೈಲಿ ಚುಚ್ಚಿಸೋ ಹಾಗೇ ಇಲ್ಲ, ಗೊತ್ತಾ? ಆಮೇಲೆ ನೀವು. ಆಮೇಲೆ ನಿಮ್ಮ ಬಾಬಾನ ಮಣ್ಣಿಂದ ಎಬ್ಬಿಸ್ತಾರೆ. ಅಲ್ಲಾಹುವಿಗೇ ಗೊತ್ತು ಅನ್ನೋದನ್ನ ಅಲ್ಲಾಹುವಿಗೇ ಬಿಡಿ, ಸಿ ಶೆಡ್ಲಿ. ಸೀಸೆ ಕೈಜಾರಿ ಬಿತ್ತು. ಒಡೀತು. ಗುಡಿಸಿ ಹಾಕಿದ್ರಿ. ಬರೀರಿ."

ಬಿಳಿ ಹಾಳೆ ಅವನ ಮುಂದೆ ಜಾರಿ ಬಂತು. ಇಷ್ಟೇ. ಐದು ತಿಂಗಳು ಅವನು ತನ್ನೊಳಗೆ ಒಂದು ನ್ಯಾಯಾಲಯವನ್ನೇ ಕಟ್ಟಿ ಇಮಾಮರನ್ನೂ ಡಾಕ್ಟರನ್ನೂ ಸತ್ತ ಅಪ್ಪನನ್ನೂ ಸಾಕ್ಷಿಗೆ ಕರೆದು, ತಾನೇ ಎಲ್ಲರ ಪರವಾಗಿ ಉತ್ತರಿಸಿ, ತೀರ್ಪಿನ ಹತ್ತಿರ ಬಂದಾಗಲೆಲ್ಲ ಸಭೆ ಮುಂದೂಡಿದ್ದ. ಇಲ್ಲಿ ಯಾರಿಗೂ ಆ ಮೊಕದ್ದಮೆ ಬೇಕಾಗಿಲ್ಲ. ಹೇಳಿದರೆ ಈ ಹೆಂಗಸಿನ ಅನ್ನ ಹೋಗುತ್ತದೆ. ಹೇಳದಿದ್ದರೆ ತನಗೆ ಯಾವತ್ತೂ ಯಾರೂ ಏನೂ ಕೇಳುವುದಿಲ್ಲ. ಇಬ್ಬರಿಗೂ ಒಳಿತಾಗುವ ಸುಳ್ಳು. ತರಗತಿಯಲ್ಲಾದರೆ ಇದರ ಮೇಲೆ ಎರಡು ಗಂಟೆ ಮಾತಾಡಬಹುದಿತ್ತು. ಅವನು ಬರೆದ: ಸಂಜೆಯ ಔಷಧಿಯ ಸೀಸೆ ನನ್ನ ಕೈಜಾರಿ ನೆಲಕ್ಕೆ ಬಿದ್ದು ಒಡೆಯಿತು; ಚೂರುಗಳ ಜೊತೆ ಮಧ್ಯಾಹ್ನದ ಖಾಲಿ ಸೀಸೆಯೂ ಗುಡಿಸಿಹೋಯಿತು; ನರ್ಸ್ ಮೊಂಜಿಯಾ ಅವರ ತಪ್ಪು ಏನೂ ಇಲ್ಲ. ಅಕ್ಷರಗಳು ಪರೀಕ್ಷೆಗೆ ಕೂತವನ ಅಕ್ಷರಗಳಂತೆ ಬಾಗಿದ್ದವು.

"ನನ್ನ ಕನ್ನಡಕ ಮನೇಲಿದೆ," ಎಂದಳು ಮೊಂಜಿಯಾ. "ಏನು ಬರೆದಿದ್ದಾರೆ ಓದೇ ಯೊಸ್ರ."

ಹುಡುಗಿ ಹಾಳೆ ಎತ್ತಿಕೊಂಡಳು. ಅವನ ವಾಕ್ಯವನ್ನು ಅವಳು ಒಳನಾಡಿನ ನಾಲಗೆಯಲ್ಲಿ, ಕೊನೆಗಳನ್ನು ಕುಟ್ಟುತ್ತ, ನಿಧಾನವಾಗಿ ಓದಿದಳು. ಕೈಜಾರಿ. ನೆಲಕ್ಕೆ ಬಿದ್ದು. ಒಡೆಯಿತು. ಪ್ರತಿ ಪದವೂ ಮೇಜಿನ ಮೇಲೆ ಇಟ್ಟ ಕಲ್ಲಿನಂತೆ ಕೂತಿತು. ಶೆಡ್ಲಿ ಬೆರಳುಗಳನ್ನು ನೋಡಿಕೊಂಡ. ಓದಿ ಮುಗಿಸಿ ಅವಳು ಹಾಳೆಯನ್ನು ತಿರುಗಿಸಿ ಅವನ ಮುಂದೆ ಇಟ್ಟಳು.

"ಹೊತ್ತು ಹಾಕಿಲ್ಲ ಸಾರ್."

"ಹೌದೌದು," ಎಂದ ತಿಜಾನಿ. "ದಿನ, ಹೊತ್ತು ಎರಡೂ ಬೇಕು. ಇಲ್ದಿದ್ರೆ ಮೇಲಿನವರು ಹಿಂದಕ್ಕೆ ಕಳಿಸ್ತಾರೆ. ಬಿದ್ದದ್ದು ಎಷ್ಟೊತ್ತಿಗೆ? ಸುಮ್ನೆ ಮಧ್ಯಾಹ್ನ ಅಂತ ಹಾಕಿ."

ಶೆಡ್ಲಿ ದಿನ ಬರೆದ. ಹೊತ್ತಿನ ಹತ್ತಿರ ಪೆನ್ನು ನಿಂತಿತು. ಮಧ್ಯಾಹ್ನ ಎಂದು ಬರೆದರೆ ಮುಗಿಯುತ್ತಿತ್ತು. ಆದರೆ ಆ ಕಾಗದದಲ್ಲಿ ಎಲ್ಲಾದರೂ ಒಂದು ಕಡೆ ಬೆರಳಿಡುವಷ್ಟು ಜಾಗವಾದರೂ ನಿಜವಾಗಿರಲಿ ಎನ್ನಿಸಿತೋ ಏನೋ, ಕೈ ತಾನಾಗಿ ಬರೆಯಿತು. ಬರೆದದ್ದನ್ನು ಯೊಸ್ರ ಭುಜದ ಮೇಲಿಂದ ಓದಿದಳು, ತಾಯಿಗೆ ಕೇಳಿಸುವಷ್ಟು ಜೋರಾಗಿ.

"ಎರಡು ಗಂಟೆ ಹತ್ತು ನಿಮಿಷ."

ಸೀಸೆ ಬಿದ್ದ ನಿಮಿಷವನ್ನು ಐದು ತಿಂಗಳು ಯಾರು ನೆನಪಿಟ್ಟುಕೊಳ್ಳುತ್ತಾರೆ? ತಿಜಾನಿ ಮೊಹರು ಹುಡುಕುವುದರಲ್ಲಿ ತಲ್ಲೀನನಾಗಿದ್ದ. ಹುಡುಗಿ ಆ ಅಂಕಿಗಳನ್ನೇ ನೋಡುತ್ತಿದ್ದಳು. ಮೊಂಜಿಯಾ ಅಷ್ಟು ಹೊತ್ತಿನಲ್ಲಿ ಮೊದಲ ಸಲ ತಲೆ ಎತ್ತಿ ಶೆಡ್ಲಿಯ ಮುಖವನ್ನು ನೇರವಾಗಿ ನೋಡಿದಳು.

"ಅಷ್ಟು ಬೇಗ," ಎಂದಳು. "ಸಂಜೆವರೆಗಾದ್ರೂ ಕಾಯ್ತೀರಿ ಅಂದ್ಕೊಂಡಿದ್ದೆ."